ಮೀಟಿಂಗ್ ಹುಡುಕಿಕೊಂಡು ಹೋದೆ, ಬಾಗಿಲಿಗೆ ಬೀಗ. ಈಗೇನು ಮಾಡಲಿ?

ಕೊನೇ_ಬೆಂಚು · ಭಾನುವಾರ, ರಾತ್ರಿ 9:20

ಹೆಸರು ಬೇಡ. ವಯಸ್ಸು 41. ಕುಡಿತ ಶುರುವಾಗಿ ಇಪ್ಪತ್ತು ವರ್ಷದ ಮೇಲಾಯಿತು. ದಿನಾ ಕುಡಿಯೋಕೆ ಶುರುಮಾಡಿ ಆರು ವರ್ಷ. "ನಾಳೆಯಿಂದ ಇಲ್ಲ" ಅಂತ ಎಷ್ಟು ಸಲ ಹೇಳಿದ್ದೇನೆ ಅಂದರೆ, ಈಗ ನಾನು ಹಾಗಂದರೆ ಮನೆಯಲ್ಲಿ ಯಾರೂ ತಲೆ ಎತ್ತಿಯೂ ನೋಡುವುದಿಲ್ಲ.

ಕಳೆದ ವಾರ ಧೈರ್ಯ ಮಾಡಿ ಎಎ ಮೀಟಿಂಗ್ ಹುಡುಕಿದೆ. ಅದೇ, ಆಲ್ಕೋಹಾಲಿಕ್ಸ್ ಅನಾನಿಮಸ್. ಒಂದು ಪಟ್ಟಿ ಸಿಕ್ಕಿತು. ಭಾನುವಾರ ಸಂಜೆ 6 ಗಂಟೆ, ವಿಳಾಸ, ಎಲ್ಲ ಇತ್ತು. ಇವತ್ತು ಬೆಳಗ್ಗೆಯಿಂದ ಒಂದು ತೊಟ್ಟೂ ಮುಟ್ಟದೆ ಐದೂವರೆಗೇ ಹೋಗಿ ನಿಂತೆ. ಬಾಗಿಲಿಗೆ ಬೀಗ. ಆರಾಯಿತು, ಆರೂಕಾಲಾಯಿತು, ಒಂದು ನರಪಿಳ್ಳೆ ಬರಲಿಲ್ಲ. ಪಕ್ಕದ ಕಟ್ಟಡದ ಕಾವಲುಗಾರ ಬಂದು "ಯಾರು ಬೇಕಿತ್ತು?" ಅಂದ. ಏನು ಹೇಳೋದು? "ಅಡ್ರೆಸ್ ತಪ್ಪಾಯ್ತು" ಅಂದು ಬಂದುಬಿಟ್ಟೆ. ಅಷ್ಟು ಹೊತ್ತೂ ಕೈ ನಡುಗುತ್ತಿತ್ತು. ಭಯಕ್ಕೋ, ಇನ್ನೊಂದಕ್ಕೋ.

ಬರುವ ದಾರಿಯಲ್ಲಿ ಏನು ಮಾಡಿದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಅದನ್ನು ಪಕ್ಕದಲ್ಲಿಟ್ಟುಕೊಂಡೇ ಟೈಪ್ ಮಾಡುತ್ತಿದ್ದೇನೆ.

ನಿಜವಾಗಿ ನಡೆಯುತ್ತಿರುವ ಮೀಟಿಂಗ್ ಯಾವುದು ಅಂತ ತಿಳಿಯೋದು ಹೇಗೆ? ಒಳಗೆ ಹೋದರೆ ಏನು ಕೇಳುತ್ತಾರೆ? ಹೆಸರು ಬರೆಸಿಕೊಳ್ಳುತ್ತಾರಾ? ಇನ್ನೊಂದು ಸಲ ಹೀಗೆ ಬೀಗದ ಮುಂದೆ ನಿಲ್ಲೋಕೆ ನನ್ನಿಂದ ಆಗಲ್ಲ.

ಹಳೇ_ಗಡಿಯಾರ · ಭಾನುವಾರ, ರಾತ್ರಿ 9:48

ನೀವು ಅಡ್ರೆಸ್ ತಪ್ಪಿಲ್ಲ. ಪಟ್ಟಿ ತಪ್ಪಿದೆ.

ನಾನು ಕುಡಿತ ಬಿಟ್ಟು 11 ವರ್ಷ. ಎಎಯಲ್ಲಿ ಎಲ್ಲ ಗುಂಪುಗಳನ್ನೂ ಮೇಲಿನಿಂದ ನಡೆಸುವ ಯಜಮಾನ ಅಂತ ಯಾರೂ ಇಲ್ಲ. ಒಂದೊಂದು ಗುಂಪೂ ತನ್ನ ಪಾಡಿಗೆ ತಾನು. ಕೋಣೆ ಬಾಡಿಗೆಗೆ ಹಿಡಿಯೋದು, ಬೀಗದ ಕೈ ಇಟ್ಟುಕೊಳ್ಳೋದು, ಕುರ್ಚಿ ಹಾಕೋದು ಎಲ್ಲ ಸದಸ್ಯರೇ. ಕೋಣೆಯ ಮಾಲೀಕ ಬೇರೆಯವರಿಗೆ ಕೊಟ್ಟ ಅಂದರೆ ಗುಂಪು ಬೇರೆ ಕಡೆ ಹೋಗುತ್ತದೆ. ಆ ಸುದ್ದಿ ಪಟ್ಟಿಗೆ ತಲುಪೋಕೆ ಯಾರೋ ಒಬ್ಬ ಪುಣ್ಯಾತ್ಮ ಫೋನ್ ಮಾಡಬೇಕು. ಮಾಡುವುದಿಲ್ಲ. ಅದರಲ್ಲೂ ಕೊರೊನಾ ಸಮಯದಲ್ಲಿ ಎಷ್ಟೋ ಗುಂಪುಗಳು ಆನ್‌ಲೈನ್‌ಗೆ ಹೋದವು, ಕೆಲವು ಅಲ್ಲೇ ಉಳಿದವು. ಹಳೇ ವಿಳಾಸ ಮಾತ್ರ ಪಟ್ಟಿಯಲ್ಲಿ ಹಾಗೇ ಕೂತಿರುತ್ತದೆ.

ಹಾಗಾಗಿ ಪಟ್ಟಿಯಲ್ಲಿ ವಿಳಾಸ ನೋಡಬೇಡಿ, ಫೋನ್ ನಂಬರ್ ನೋಡಿ. ಒಂದು ಊರಿನ ಅಥವಾ ಒಂದು ಪ್ರದೇಶದ ಗುಂಪುಗಳೆಲ್ಲ ಸೇರಿ ಒಂದು ಕಚೇರಿ ಇಟ್ಟುಕೊಂಡಿರುತ್ತವೆ. ಇಂಟರ್‌ಗ್ರೂಪ್ ಅನ್ನುತ್ತಾರೆ, ಕೆಲವು ಕಡೆ ಸೆಂಟ್ರಲ್ ಆಫೀಸ್. ಅಲ್ಲಿ ಫೋನ್ ಎತ್ತುವವರೂ ಕುಡಿತ ಬಿಟ್ಟವರೇ. ಮೀಟಿಂಗ್ ಗೈಡ್ ಅಂತ ಎಎಯದ್ದೇ ಒಂದು ಆಪ್ ಇದೆ, ಅದೂ ಉಪಯೋಗಕ್ಕೆ ಬರುತ್ತದೆ. ಆದರೆ ಆಪ್‌ಗೂ ಮಾಹಿತಿ ಹೋಗೋದು ಇದೇ ಕಚೇರಿಗಳಿಂದ. ಅಂದರೆ ಕೊನೆಗೆ ಫೋನೇ ಗತಿ.

ಹೆಸರು ಬರೆಸಿಕೊಳ್ಳಲ್ಲ. ಫೀಸ್ ಇಲ್ಲ. ಸೇರೋಕೆ ಬೇಕಾದ ಅರ್ಹತೆ ಒಂದೇ: ಕುಡಿತ ನಿಲ್ಲಿಸಬೇಕು ಅನ್ನುವ ಆಸೆ. ನಿಲ್ಲಿಸಿರಬೇಕು ಅಂತಲೂ ಇಲ್ಲ.

ರಾತ್ರಿಪಾಳಿ · ಭಾನುವಾರ, ರಾತ್ರಿ 10:05

ಮೀಟಿಂಗ್ ವಿಷಯಕ್ಕೆ ಆಮೇಲೆ ಬರೋಣ. ಕೊನೇ_ಬೆಂಚು, ಆ ಕೈ ನಡುಕ.

ನಾನು ನರ್ಸ್. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ನಡುಕ, ಬೆವರು, ಎದೆ ಬಡಿತ ಕೊನೇ ಗುಟುಕಿನಿಂದ ಆರೆಂಟು ಗಂಟೆಗೇ ಶುರುವಾಗಬಹುದು. ಮೊದಲ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡನೇ ದಿನದಿಂದ ನಾಲ್ಕನೇ ದಿನದ ಮಧ್ಯೆ ಕೆಲವರಿಗೆ ಇಲ್ಲದ್ದು ಕಾಣುತ್ತದೆ, ಎಲ್ಲಿದ್ದೇನೆ ಅನ್ನೋದೇ ತಿಳಿಯುವುದಿಲ್ಲ. ಅದಕ್ಕೆ ಡಿಲಿರಿಯಂ ಟ್ರೆಮೆನ್ಸ್ ಅನ್ನುತ್ತಾರೆ. ಪ್ರಾಣ ಹೋಗುವ ಕಾಯಿಲೆ ಅದು, ಹೆದರಿಸೋಕೆ ಹೇಳುತ್ತಿಲ್ಲ. ಎಲ್ಲರಿಗೂ ಬರುವುದಿಲ್ಲ, ಯಾರಿಗೆ ಬರುತ್ತದೆ ಅಂತ ಮನೆಯಲ್ಲಿ ಕೂತು ಹೇಳೋಕಾಗುವುದಿಲ್ಲ. ಹಿಂದೆ ಒಮ್ಮೆ ಬಿಟ್ಟಾಗ ಫಿಟ್ಸ್ ಬಂದಿದ್ದರಂತೂ ಒಬ್ಬರೇ ಪ್ರಯತ್ನ ಮಾಡಲೇಬೇಡಿ.

ಡಾಕ್ಟರ್ ಹತ್ತಿರ ಹೋಗಿ, ಎಷ್ಟು ಕುಡಿಯುತ್ತೀರಿ ಅಂತ ನಿಜ ಹೇಳಿ. ಎಲ್ಲರೂ ಅರ್ಧ ಹೇಳುತ್ತಾರೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಕೆಲವು ದಿನ ಮಾತ್ರೆ ಕೊಟ್ಟು, ದಿನದಿಂದ ದಿನಕ್ಕೆ ಕಡಿಮೆ ಮಾಡುತ್ತಾರೆ. ಜೊತೆಗೆ ಥಯಮಿನ್ ಕೊಡುತ್ತಾರೆ, ಅದು ಬಿ1 ವಿಟಮಿನ್. ವರ್ಷಗಟ್ಟಲೆ ಕುಡಿದವರ ಮೈಯಲ್ಲಿ ಅದು ಬರಿದಾಗಿರುತ್ತದೆ, ಮೆದುಳಿಗೆ ಪೆಟ್ಟು.

ಮೀಟಿಂಗ್‌ನಲ್ಲಿ ಕುರ್ಚಿ ಸಿಗುತ್ತದೆ, ಕಿವಿ ಸಿಗುತ್ತದೆ. ಫಿಟ್ಸ್‌ಗೆ ಔಷಧಿ ಸಿಗುವುದಿಲ್ಲ.

ತಲೆಹರಟೆ · ಭಾನುವಾರ, ರಾತ್ರಿ 10:31

ಸುಮ್ನೆ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಈ ಎಎಯಿಂದ ನಿಜಕ್ಕೂ ಯಾರಾದರೂ ಬಿಡುತ್ತಾರಾ? ನೂರಕ್ಕೆ ಐದು ಜನ ಅಂತ ಎಲ್ಲೋ ಓದಿದ್ದೆ. ಹತ್ತು ಜನ ಕೂತು ಅಳೋದರಿಂದ ಲಿವರ್ ಸರಿಹೋಗುತ್ತಾ?

ಹಳೇ_ಗಡಿಯಾರ · ಭಾನುವಾರ, ರಾತ್ರಿ 10:44

ಹತ್ತು ಜನರಲ್ಲಿ ಒಂಬತ್ತು ಜನ ನಗುತ್ತಿರುತ್ತಾರೆ, ಬಂದು ನೋಡಿ. ನಾನು ಮೊದಲ ದಿನ ಹೆದರಿದ್ದೇ ಆ ನಗು ಕೇಳಿ. ಕುಡಿದಿದ್ದಾರೇನೋ ಅಂದುಕೊಂಡಿದ್ದೆ.

ರಾತ್ರಿಪಾಳಿ · ಭಾನುವಾರ, ರಾತ್ರಿ 10:58

ತಲೆಹರಟೆ, ಕೇಳಿದ್ದು ಒಳ್ಳೇದೇ ಆಯಿತು. ಆ "ನೂರಕ್ಕೆ ಐದು" ಎಲ್ಲ ಕಡೆ ಓಡಾಡುತ್ತದೆ. ಗಟ್ಟಿಯಾದ ಲೆಕ್ಕ ಬೇಕಿದ್ದರೆ 2020ರ ಕಾಕ್ರೇನ್ ವರದಿ ಇದೆ, ಬೇರೆ ಬೇರೆ ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗಿ ನೋಡುವ ಸಂಸ್ಥೆಯದ್ದು. 27 ಅಧ್ಯಯನ, 10,565 ಜನ. ಎಎಗೆ ಹೋಗುವ ಹಾಗೆ ಕ್ರಮವಾಗಿ ದಾರಿ ಮಾಡಿಕೊಟ್ಟ ಚಿಕಿತ್ಸೆ ಪಡೆದವರಲ್ಲಿ ವರ್ಷದ ಕೊನೆಗೆ ಪೂರ್ತಿ ಬಿಟ್ಟಿದ್ದವರು ಸುಮಾರು ನೂರಕ್ಕೆ 42. ಬೇರೆ ಚಿಕಿತ್ಸೆ ಪಡೆದವರಲ್ಲಿ 35.

ಇದರಲ್ಲಿ ಒಂದು ಗಮನಿಸಿ. "ಎಎ ಅಂತ ಇದೆ, ಹೋಗ್ರಿ" ಅಂತ ಚೀಟಿ ಕೊಟ್ಟು ಕಳಿಸಿದ್ದರ ಲೆಕ್ಕ ಅಲ್ಲ ಇದು. ಬಹಳಷ್ಟು ಕಡೆ ಚಿಕಿತ್ಸೆ ಕೊಟ್ಟವರೇ ಕೂತು ಮಾತಾಡಿ, ಹೋದೆಯಾ, ಏನಾಯಿತು ಅಂತ ಬೆನ್ನು ಬಿದ್ದು ಕೇಳಿದ್ದಾರೆ. ವ್ಯತ್ಯಾಸ ಅಲ್ಲಿದೆ ಅಂತ ನನಗನಿಸುತ್ತದೆ. ಚೀಟಿ ಹಿಡಿದು ಹೋದವನು ಬೀಗ ನೋಡಿ ವಾಪಸ್ ಬರುತ್ತಾನೆ.

ತಲೆಹರಟೆ · ಭಾನುವಾರ, ರಾತ್ರಿ 11:02

42ಕ್ಕೂ 35ಕ್ಕೂ ಏನು ಮಹಾ?

ರಾತ್ರಿಪಾಳಿ · ಭಾನುವಾರ, ರಾತ್ರಿ 11:06

ನೂರರಲ್ಲಿ ಏಳು ಮನೆ.

ನಾಸ್ತಿಕ_ನಾಣಿ · ಸೋಮವಾರ, ಬೆಳಗ್ಗೆ 7:15

ನಾನು ಮೂರು ಎಎ ಮೀಟಿಂಗ್‌ಗೆ ಹೋಗಿ ಬಿಟ್ಟವನು. ಕುಡಿತದಿಂದ ಹೊರಬರೋಕೆ ಎಎ ಹೇಳಿಕೊಡುವ ಹನ್ನೆರಡು ಹಂತ ಇವೆ, ಅದೇ ಹನ್ನೆರಡು ಮೆಟ್ಟಿಲು. ಅದರಲ್ಲಿ ಎಲ್ಲಿ ನೋಡಿದರೂ ದೇವರು. "ನಾವು ಅರಿತಂತೆ ದೇವರು" ಅಂತ ಒಂದು ಕಿಟಕಿ ಇಟ್ಟಿದ್ದಾರೆ, ನಿಜ. ಗುಂಪನ್ನೇ ನಿನ್ನ ಮೇಲಿನ ಶಕ್ತಿ ಅಂದುಕೋ ಅಂತಲೂ ಹೇಳಿದರು. ನನಗೆ ಆ ಕಿಟಕಿಯಲ್ಲಿ ತೂರೋಕೆ ಆಗಲಿಲ್ಲ. ತೂರಿದವರ ಮೇಲೆ ಸಿಟ್ಟೇನಿಲ್ಲ.

ಎಎ ಒಂದೇ ದಾರಿ ಅಲ್ಲ. ಸ್ಮಾರ್ಟ್ ರಿಕವರಿ ಅಂತ ಇದೆ, 1994ರಲ್ಲಿ ಶುರುವಾದದ್ದು. ಅಲ್ಲಿ ದೇವರೂ ಇಲ್ಲ, ಮೆಟ್ಟಿಲೂ ಇಲ್ಲ. "ನಾನೊಬ್ಬ ಕುಡುಕ" ಅಂತ ಹೇಳಿಕೊಳ್ಳಬೇಕಾಗಿಲ್ಲ. ಯೋಚನೆ ಹೇಗೆ ಕೈ ಜಾರುತ್ತದೆ, ಆಸೆ ಬಂದಾಗ ಆ ಇಪ್ಪತ್ತು ನಿಮಿಷ ಹೇಗೆ ದಾಟೋದು, ಇಂಥದ್ದೇ ಅಭ್ಯಾಸ. ಎಎಯಲ್ಲಿ ಒಬ್ಬರು ಮಾತಾಡಿದರೆ ಉಳಿದವರು ಸಾಮಾನ್ಯವಾಗಿ ಮಧ್ಯೆ ಬಾಯಿ ಹಾಕುವುದಿಲ್ಲ. ಸ್ಮಾರ್ಟ್‌ನಲ್ಲಿ ಹಾಕುತ್ತಾರೆ, ಅದೇ ಅಲ್ಲಿನ ಕ್ರಮ. ಲೈಫ್‌ರಿಂಗ್ ಅಂತ ಇನ್ನೊಂದಿದೆ, ಅದೂ ದೇವರಿಲ್ಲದ ದಾರಿಯೇ.

ಸ್ಮಾರ್ಟ್‌ನಲ್ಲಿ ಮೊದಲ ದಿನ ಒಂದು ಹಾಳೆ ಕೊಟ್ಟರು. ನಾಲ್ಕು ಚೌಕ. ಕುಡಿದರೆ ಲಾಭ, ಕುಡಿದರೆ ನಷ್ಟ, ಬಿಟ್ಟರೆ ಲಾಭ, ಬಿಟ್ಟರೆ ನಷ್ಟ. ಮೊದಲ ಚೌಕ ಎರಡೇ ನಿಮಿಷದಲ್ಲಿ ತುಂಬಿಸಿದೆ. ನಿದ್ದೆ ಬರುತ್ತೆ, ಮಾತು ಬರುತ್ತೆ, ಅಪ್ಪನ ನೆನಪು ಬರಲ್ಲ. "ಬಿಟ್ಟರೆ ನಷ್ಟ" ಅನ್ನುವ ಚೌಕದ ಹತ್ತಿರ ಪೆನ್ನು ನಿಂತಿತು. ಗೆಳೆಯರು ಅಂತ ಬರೆದೆ. ಆಮೇಲೆ ಅದನ್ನೇ ನೋಡುತ್ತಾ ಕೂತೆ. ಅವರಲ್ಲಿ ಒಬ್ಬನ ಮನೆಗೂ ನಾನು ಹಗಲಲ್ಲಿ ಹೋಗಿರಲಿಲ್ಲ.

ಒಂದು ತೊಂದರೆ ಇದೆ, ಮುಚ್ಚಿಡುವುದಿಲ್ಲ. ಎಎ ಸುಮಾರು 180 ದೇಶಗಳಲ್ಲಿದೆ. ಉಳಿದ ಗುಂಪುಗಳು ಎದುರಾಬದುರು ಕೂರುವ ಹಾಗೆ ಎಲ್ಲ ಕಡೆ ಸಿಗುವುದಿಲ್ಲ. ನಾನು ಆನ್‌ಲೈನ್‌ನಲ್ಲೇ ಹೋಗೋದು. ಕ್ಯಾಮೆರಾ ಆಫ್ ಮಾಡಿ ಕೂತರೂ ಯಾರೂ ಏನೂ ಅನ್ನುವುದಿಲ್ಲ.

ಸಂಜೆಮಲ್ಲಿಗೆ · ಸೋಮವಾರ, ಬೆಳಗ್ಗೆ 10:40

ಇದನ್ನು ಓದುತ್ತಿರುವ ಹೆಂಗಸರಿಗೆ ಎರಡು ಮಾತು. ಇದ್ದೀರಿ ಅಂತ ಗೊತ್ತು, ಬರೆಯುವುದಿಲ್ಲ ಅಷ್ಟೇ.

ನಾನು ಹೋದ ಮೊದಲ ಮೀಟಿಂಗ್‌ನಲ್ಲಿ 14 ಗಂಡಸರು, ನಾನೊಬ್ಬಳು. ಎಲ್ಲರೂ ಮರ್ಯಾದೆಯಿಂದಲೇ ನಡೆದುಕೊಂಡರು. ಮುಗಿದ ಮೇಲೆ ಒಬ್ಬರು "ಏನೇ ಕಷ್ಟ ಇದ್ದರೂ ಫೋನ್ ಮಾಡಿ" ಅಂತ ನಂಬರ್ ತೆಗೆದುಕೊಂಡರು. ಎರಡನೇ ದಿನವೇ ರಾತ್ರಿ ಹನ್ನೊಂದಕ್ಕೆ ಮೆಸೇಜ್. ಕಷ್ಟ ನನ್ನದಲ್ಲ, ಅವರದು. ಹೊಸದಾಗಿ ಬಂದವರ ಹಿಂದೆ ಬೀಳುವ ಈ ಚಾಳಿಗೆ ಎಎ ಒಳಗೇ "ಹದಿಮೂರನೇ ಮೆಟ್ಟಿಲು" ಅಂತ ಅಡ್ಡಹೆಸರಿದೆ. ಅಂದರೆ ಹಳೇ ರೋಗ ಅಂತಾಯಿತು.

ನಾನು ಅದೇ ನೆಪ ಮಾಡಿಕೊಂಡು ನಾಲ್ಕು ತಿಂಗಳು ಹೋಗಲಿಲ್ಲ, ಕುಡಿದೆ. ಆ ನಾಲ್ಕು ತಿಂಗಳ ಸಿಟ್ಟು ಇನ್ನೂ ಇದೆ.

ಆಮೇಲೆ ಹೆಂಗಸರ ಗುಂಪೇ ಇದೆ ಅಂತ ತಿಳಿಯಿತು. ಎಎಯಲ್ಲಿ ಹೆಂಗಸರದ್ದೇ ಮೀಟಿಂಗ್‌ಗಳಿವೆ, ಪಟ್ಟಿಯಲ್ಲಿ ಗುರುತು ಹಾಕಿರುತ್ತಾರೆ. ವಿಮೆನ್ ಫಾರ್ ಸೊಬ್ರೈಟಿ ಅಂತ ಬೇರೆಯದೇ ಸಂಸ್ಥೆ ಇದೆ, 1970ರ ದಶಕದಲ್ಲಿ ಜೀನ್ ಕರ್ಕ್‌ಪ್ಯಾಟ್ರಿಕ್ ಶುರುಮಾಡಿದ್ದು. ಅವರ ವಾದ ನನಗೆ ಹಿಡಿಸಿತು. ಅಹಂಕಾರ ಇಳಿಸು ಅಂತ ಗಂಡಸಿಗೆ ಹೇಳಿದರೆ ಸರಿ, ಆದರೆ ಮೊದಲೇ ನೆಲ ಕಚ್ಚಿರುವ ಹೆಂಗಸಿಗೆ ಇನ್ನೇನು ಇಳಿಸೋದು? ಅವಳನ್ನು ಎತ್ತಬೇಕು.

ಮಿಶ್ರ ಗುಂಪಿಗೇ ಹೋಗಬೇಕಾದರೆ ಫೋನ್‌ನಲ್ಲಿ ಕೇಳಿಬಿಡಿ, "ಅವತ್ತು ಇನ್ನೊಬ್ಬ ಹೆಂಗಸು ಇರುತ್ತಾರಾ?" ಅಂತ. ನಂಬರ್ ಕೊಡೋದು, ತೆಗೆದುಕೊಳ್ಳೋದು ಹೆಂಗಸರ ಹತ್ತಿರ ಮಾತ್ರ. ಸ್ಪಾನ್ಸರ್ ಕೂಡ ಹೆಂಗಸೇ ಇರಲಿ. ಅಂದರೆ ಕೈ ಹಿಡಿದು ಮೆಟ್ಟಿಲು ಹತ್ತಿಸುವ ಹಿರಿಯ ಸದಸ್ಯೆ.

ಕೊನೇ_ಬೆಂಚು · ಸೋಮವಾರ, ಮಧ್ಯಾಹ್ನ 1:10

ಎಲ್ಲ ಓದಿದೆ. ಆಫೀಸಿನ ಮೆಟ್ಟಿಲ ಮೇಲೆ ಕೂತು ಓದಿದೆ. ರಾತ್ರಿಪಾಳಿಯವರ ಮಾತು ಎರಡು ಸಲ ಓದಿದೆ. ನಾಳೆ ಡಾಕ್ಟರ್ ಹತ್ತಿರ ಹೋಗುತ್ತೇನೆ. ತಮ್ಮ ಜೊತೆಗೆ ಬರುತ್ತೇನೆ ಅಂದಿದ್ದಾನೆ.

ಆದರೆ ಫೋನ್ ಮಾಡಿ ಏನನ್ನಲಿ? ನಂಬರ್ ಒತ್ತಿ, ರಿಂಗ್ ಆಗುವ ಮುಂಚೆ ಕಟ್ ಮಾಡಿದ್ದು ಇದು ಮೂರನೇ ಸಲ.

ಹಳೇ_ಗಡಿಯಾರ · ಸೋಮವಾರ, ಮಧ್ಯಾಹ್ನ 1:34

"ನಾನು ಹೊಸಬ. ಗುರುವಾರದ ಮೀಟಿಂಗ್ ಇದೆಯಾ?" ಅಷ್ಟೇ. ಇನ್ನೊಂದು ಮಾತು ಬೇಕಾಗಿಲ್ಲ. ಧ್ವನಿ ಕೇಳಿದರೇ ಅವರಿಗೆ ಗೊತ್ತಾಗುತ್ತದೆ, ಅವರೂ ಒಂದು ದಿನ ಹೀಗೇ ಕಟ್ ಮಾಡಿದವರು. ಓಪನ್ ಮೀಟಿಂಗಾ, ಕ್ಲೋಸ್ಡ್ ಮೀಟಿಂಗಾ ಅಂತಲೂ ಕೇಳಿಕೊಳ್ಳಿ. ಓಪನ್ ಆದರೆ ಯಾರು ಬೇಕಾದರೂ ಬಂದು ಕೂರಬಹುದು, ನಿಮ್ಮ ತಮ್ಮನೂ. ಕ್ಲೋಸ್ಡ್ ಆದರೆ ಕುಡಿತ ಬಿಡಬೇಕು ಅನ್ನುವವರಿಗೆ ಮಾತ್ರ, ನೀವೊಬ್ಬರೇ ಹೋಗಬೇಕು.

ಒಂದು ಹಳೇ ಕತೆ ಹೇಳುತ್ತೇನೆ, ಇದನ್ನು ನಾನು ಹೊಸಬರಿಗೆಲ್ಲ ಹೇಳಿ ಬೇಜಾರು ಮಾಡಿಸುತ್ತೇನೆ. 1935ರ ಮೇ ತಿಂಗಳು. ಅಮೆರಿಕದ ಆಕ್ರನ್ ಅನ್ನುವ ಊರಿನ ಮೇಫ್ಲವರ್ ಹೋಟೆಲ್. ಬಿಲ್ ವಿಲ್ಸನ್ ಅಂತ ನ್ಯೂಯಾರ್ಕಿನವನು, ವ್ಯವಹಾರಕ್ಕೆ ಬಂದು ಸೋತು ಕೂತಿದ್ದಾನೆ. ಕುಡಿತ ಬಿಟ್ಟು ಐದು ತಿಂಗಳು. ಲಾಬಿಯ ಒಂದು ಕಡೆ ಬಾರ್, ಒಳಗಿಂದ ನಗು ಕೇಳುತ್ತಿದೆ. ಇನ್ನೊಂದು ಕಡೆ ಟೆಲಿಫೋನ್, ಪಕ್ಕದಲ್ಲಿ ಊರಿನ ಚರ್ಚುಗಳ ಪಟ್ಟಿ. ಇವನಿಗೆ ಹೊಳೆದದ್ದು ಒಂದೇ: ಈಗ ಇನ್ನೊಬ್ಬ ಕುಡುಕನ ಜೊತೆ ಮಾತಾಡದಿದ್ದರೆ ನಾನು ಆ ಕಡೆ ಹೋಗುತ್ತೇನೆ. ಪಟ್ಟಿಯಿಂದ ಒಬ್ಬ ಪಾದ್ರಿಗೆ ಫೋನ್ ಮಾಡಿದ. ಅವರು ಒಂದಷ್ಟು ಹೆಸರು ಕೊಟ್ಟರು. ಒಬ್ಬೊಬ್ಬರಿಗೇ ಮಾಡುತ್ತಾ ಹೋದ. ಕೊನೆಗೆ ಒಬ್ಬ ಹೆಂಗಸು, ಹೆನ್ರಿಯೆಟಾ ಸೈಬರ್ಲಿಂಗ್, "ಬನ್ನಿ" ಅಂದರು.

ಮಾರನೇ ದಿನ ಅವರ ಮನೆಯಲ್ಲಿ ಡಾಕ್ಟರ್ ಬಾಬ್ ಸ್ಮಿತ್ ಸಿಕ್ಕ. ಸರ್ಜನ್. ಹಿಂದಿನ ದಿನದ ಕುಡಿತದಿಂದ ಕೈ ನಡುಗುತ್ತಿತ್ತು. ಹದಿನೈದೇ ನಿಮಿಷ ಕೂರೋದು ಅಂತ ಹೆಂಡತಿಗೆ ಷರತ್ತು ಹಾಕಿ ಬಂದಿದ್ದ. ಎದ್ದಾಗ ರಾತ್ರಿ 11 ದಾಟಿತ್ತು.

ಎಎ ಶುರುವಾದದ್ದು ಹೀಗೆ. ಇಬ್ಬರು, ಒಂದು ಕೋಣೆ. ಅದೂ ಫೋನ್ ಮಾಡಿ ಹುಡುಕಿಕೊಂಡದ್ದೇ.

ತಲೆಹರಟೆ · ಸೋಮವಾರ, ಮಧ್ಯಾಹ್ನ 2:00

ಆ ಡಾಕ್ಟರ್ ಅವತ್ತೇ ಬಿಟ್ಟನಾ?

ಹಳೇ_ಗಡಿಯಾರ · ಸೋಮವಾರ, ಮಧ್ಯಾಹ್ನ 2:09

ಇಲ್ಲ. ಸ್ವಲ್ಪ ದಿನಕ್ಕೇ ಡಾಕ್ಟರುಗಳ ಸಮ್ಮೇಳನಕ್ಕೆ ಅಟ್ಲಾಂಟಿಕ್ ಸಿಟಿಗೆ ಹೋದ, ಕಂಠಪೂರ್ತಿ ಕುಡಿದು ಬಂದ. ಬಿಲ್ ಅವನ ಪಕ್ಕ ಬಿಟ್ಟು ಹೋಗಲಿಲ್ಲ. ಕೊನೇ ಗುಟುಕು 1935ರ ಜೂನ್ 10ಕ್ಕೆ. ಎಎ ತನ್ನ ಹುಟ್ಟುಹಬ್ಬ ಅಂತ ಲೆಕ್ಕ ಹಾಕೋದು ಆ ದಿನವನ್ನೇ. 1950ರಲ್ಲಿ ತೀರಿಕೊಳ್ಳುವವರೆಗೂ ಮತ್ತೆ ಮುಟ್ಟಲಿಲ್ಲ.

ಬಾಗಿಲಲ್ಲೇ_ನಿಂತವಳು · ಸೋಮವಾರ, ರಾತ್ರಿ 8:50

ನಾನು ಕುಡಿಯುವವಳಲ್ಲ. ಕುಡಿಯುವವರ ಹೆಂಡತಿ. ಮೀಟಿಂಗ್ ಎಲ್ಲಿದೆ, ಎಷ್ಟು ಹೊತ್ತಿಗೆ, ಎಲ್ಲ ಹುಡುಕಿ ಚೀಟಿ ಬರೆದು ಅವರ ಪರ್ಸಲ್ಲಿ ಇಟ್ಟಿದ್ದೆ. ಮೂರು ತಿಂಗಳಾದ ಮೇಲೂ ಚೀಟಿ ಅಲ್ಲೇ ಇತ್ತು, ಮಡಿಕೆ ಕೂಡ ಬಿಚ್ಚಿರಲಿಲ್ಲ. ಅವರನ್ನು ಕರೆದುಕೊಂಡು ಹೋಗೋದು ಹೇಗೆ?

ಸಂಜೆಮಲ್ಲಿಗೆ · ಸೋಮವಾರ, ರಾತ್ರಿ 9:15

ಕರೆದುಕೊಂಡು ಹೋಗೋಕಾಗಲ್ಲ ಅಕ್ಕ. ನನ್ನನ್ನೂ ನಮ್ಮಮ್ಮ ಎಳೆದುಕೊಂಡು ಹೋಗಿದ್ದರು. ನಾನು ಹೋಗಿ ಕೂತು ಬಂದು, "ಹೋಗಿ ಬಂದೆನಲ್ಲ" ಅಂತ ಆ ರಾತ್ರಿ ಇನ್ನೂ ಜಾಸ್ತಿ ಕುಡಿದೆ.

ನಿಮಗೇ ಒಂದು ಮೀಟಿಂಗ್ ಇದೆ. ಅಲ್-ಅನಾನ್ ಅನ್ನುತ್ತಾರೆ, 1951ರಿಂದ ಇದೆ. ಬಿಲ್ ವಿಲ್ಸನ್ ಹೆಂಡತಿ ಲೋಯಿಸ್ ಶುರುಮಾಡಿದವರಲ್ಲಿ ಒಬ್ಬರು. ಗಂಡಂದಿರು ಒಳಗೆ ಮೀಟಿಂಗ್‌ನಲ್ಲಿ ಕೂತಾಗ ಹೊರಗೆ ಕಾಯುತ್ತಿದ್ದ ಹೆಂಡತಿಯರು ತಮ್ಮ ಪಾಡು ಮಾತಾಡಿಕೊಳ್ಳುತ್ತಿದ್ದರಂತೆ. ಅಲ್ಲಿಂದ ಬೆಳೆದದ್ದು. ಮನೆಯವರು ಕುಡಿತ ಬಿಟ್ಟಿರಲಿ, ಬಿಡದಿರಲಿ, ನೀವು ಹೋಗಬಹುದು. ಹದಿಹರೆಯದ ಮಕ್ಕಳಿಗೆ ಅಲಟೀನ್ ಅಂತ ಬೇರೆ ಗುಂಪು.

ನಮ್ಮಮ್ಮ ಅಲ್ಲಿಂದ ಕಲಿತು ಬಂದ ಮಾತು: ಇದನ್ನು ನಾನು ತಂದದ್ದಲ್ಲ, ನಾನು ಹಿಡಿದಿಡೋಕಾಗಲ್ಲ, ನಾನು ವಾಸಿ ಮಾಡೋಕಾಗಲ್ಲ. ಅವರು ಬಾಟಲಿ ಹುಡುಕೋದು ನಿಲ್ಲಿಸಿದ ವಾರ ನನಗೆ ಬಹಳ ಹೆದರಿಕೆ ಆಗಿತ್ತು. ನಿಜ ಹೇಳುತ್ತಿದ್ದೇನೆ.

ಬಾಗಿಲಲ್ಲೇ_ನಿಂತವಳು · ಸೋಮವಾರ, ರಾತ್ರಿ 9:40

ನಮ್ಮ ಭಾಷೆಯಲ್ಲಿ ಇರುತ್ತಾ? ನನಗೆ ಇಂಗ್ಲಿಷ್ ಅಷ್ಟು ಬರಲ್ಲ.

ಹಳೇ_ಗಡಿಯಾರ · ಸೋಮವಾರ, ರಾತ್ರಿ 9:52

ಗುಂಪು ಯಾವ ಭಾಷೆಯಲ್ಲಿ ಮಾತಾಡಬೇಕು ಅಂತ ಗುಂಪೇ ತೀರ್ಮಾನ ಮಾಡೋದು. ಪಟ್ಟಿಯಲ್ಲಿ ಭಾಷೆ ಬರೆದಿಲ್ಲದಿದ್ದರೆ ಫೋನ್‌ನಲ್ಲಿ ಕೇಳಿ. ಹತ್ತಿರ ಇಲ್ಲದಿದ್ದರೆ ಆನ್‌ಲೈನ್‌ನಲ್ಲಿ ಹುಡುಕಿ, ಅಲ್ಲಿ ದೂರದ ಲೆಕ್ಕ ಇಲ್ಲ. ಅಳು, ಸಿಟ್ಟು ಎಲ್ಲ ಒಂದೇ ಭಾಷೆ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಬೈಗುಳ ಮಾತೃಭಾಷೆಯಲ್ಲೇ ಬರೋದು, ತಪ್ಪೊಪ್ಪಿಗೆಯೂ ಹಾಗೇ.

ನಿರ್ವಾಹಕರು · ಮಂಗಳವಾರ, ಬೆಳಗ್ಗೆ 9:00

ಒಬ್ಬ ಸದಸ್ಯರು ತಮ್ಮ ಗುಂಪಿನ ಇನ್ನೊಬ್ಬರ ಹೆಸರು, ನಂಬರ್ ಹಾಕಿದ್ದರು. ತೆಗೆದಿದ್ದೇವೆ. ನಿಮ್ಮ ಕತೆ ನೀವು ಹೇಳಬಹುದು, ಬೇರೆಯವರ ಗುಟ್ಟು ನಿಮ್ಮದಲ್ಲ.

ಕೊನೇ_ಬೆಂಚು · ಶನಿವಾರ, ಬೆಳಗ್ಗೆ 6:30

ಇಷ್ಟು ದಿನ ಬರೆಯಲಿಲ್ಲ, ಕ್ಷಮಿಸಿ.

ಮಂಗಳವಾರ ಡಾಕ್ಟರ್ ಹತ್ತಿರ ಹೋದೆ. ಎಷ್ಟು ಅಂತ ಕೇಳಿದರು. ಅರ್ಧ ಹೇಳೋಕೆ ಬಾಯಿ ತೆರೆದೆ, ತಮ್ಮ ಪಕ್ಕದಲ್ಲಿದ್ದ, ಪೂರ್ತಿ ಹೇಳಿದೆ. ಅವನು ನೆಲ ನೋಡುತ್ತಿದ್ದ. ಮಾತ್ರೆ ಕೊಟ್ಟಿದ್ದಾರೆ, ಅದು ತಮ್ಮನ ಕೈಯಲ್ಲಿದೆ, ಹೊತ್ತಿಗೆ ಸರಿಯಾಗಿ ಅವನೇ ಕೊಡುತ್ತಾನೆ. ಎರಡು ರಾತ್ರಿ ಬೆವರು, ನಿದ್ದೆ ಇಲ್ಲ. ಫಿಟ್ಸ್ ಬರಲಿಲ್ಲ.

ಬುಧವಾರ ಫೋನ್ ಮಾಡಿದೆ. ಮೊದಲ ನಂಬರ್ ಸ್ವಿಚ್ ಆಫ್. ಎರಡನೆಯದು ಯಾರೋ ಬೇರೆಯವರು ಎತ್ತಿ ಬೈದರು. ಮೂರನೆಯದನ್ನು ಒಬ್ಬರು ಎತ್ತಿದರು. ಹಿಂದೆ ಯಾವುದೋ ಮಗು ಏಳರ ಮಗ್ಗಿ ಹೇಳುತ್ತಿತ್ತು. "ನಾನು ಹೊಸಬ" ಅಂದೆ, ಮುಂದಿನದು ಗಂಟಲಲ್ಲೇ ನಿಂತಿತು. ಆ ಕಡೆಯಿಂದ "ಹೂಂ, ಹೇಳಿ, ಅವಸರ ಇಲ್ಲ" ಅಂದರು. ಮಗು ಏಳೆಂಟ್ಲಿ ಐವತ್ತಾರರ ಹತ್ತಿರ ತಪ್ಪಿತು, ಅವರು ಫೋನ್‌ಗೆ ಕೈ ಅಡ್ಡ ಹಿಡಿದು ತಿದ್ದಿದರು. ನನಗೆ ನಗು ಬಂತು. ಆಮೇಲೆ ಮಾತು ಬಂತು.

ಭಾನುವಾರದ ಆ ಕೋಣೆ ವರ್ಷದ ಹಿಂದೆಯೇ ಬಿಟ್ಟರಂತೆ. ಗುರುವಾರ ಏಳಕ್ಕೆ ಬೇರೆ ಕಡೆ ಇದೆ ಅಂದರು. "ನಾನು ಗೇಟ್ ಹತ್ತಿರ ನಿಂತಿರ್ತೀನಿ, ಕೈಯಲ್ಲಿ ಹಸಿರು ಛತ್ರಿ ಇರುತ್ತೆ" ಅಂದರು.

ಗುರುವಾರ ಆರೂಮುಕ್ಕಾಲಿಗೆ ಹೋದೆ. ಮಳೆಯ ಸುಳಿವೇ ಇಲ್ಲ. ಆ ಮನುಷ್ಯ ಹಸಿರು ಛತ್ರಿ ಹಿಡಿದುಕೊಂಡು ನಿಂತಿದ್ದ. ನಾನು ರಸ್ತೆಯ ಈ ಕಡೆ ನಿಂತು, ಫೋನ್ ಕಿವಿಗಿಟ್ಟುಕೊಂಡು ಮಾತಾಡುವ ಹಾಗೆ ನಟಿಸಿದೆ. ಏಳು ಜನ ಒಳಗೆ ಹೋದರು, ಎಣಿಸಿದೆ. ಅವನು ನನ್ನನ್ನು ನೋಡಿದ, ಕರೆಯಲಿಲ್ಲ. ಛತ್ರಿಯನ್ನು ಬಿಚ್ಚಿ ಮತ್ತೆ ಮಡಿಸಿದ. ಬಿಸಿಲಿಲ್ಲ, ಮಳೆಯಿಲ್ಲ, ಸುಮ್ಮನೆ ಬಿಚ್ಚಿದ. ಅದು ಸಾಕಾಯಿತು, ದಾಟಿಬಿಟ್ಟೆ.

ಒಳಗೆ ಕೊನೇ ಸಾಲಲ್ಲಿ, ಬಾಗಿಲ ಪಕ್ಕದ ಕುರ್ಚಿ. ಸುತ್ತಲೂ ಒಬ್ಬೊಬ್ಬರೇ ಒಂದೊಂದು ಪ್ಯಾರಾ ಓದುತ್ತಾ ಬಂದರು. ಇಷ್ಟ ಇಲ್ಲದಿದ್ದರೆ ಮುಂದಿನವರಿಗೆ ಕೊಡಬಹುದು ಅಂದರು. ನಾನು ತೆಗೆದುಕೊಂಡೆ. ಹಾಳೆ ಪಟಪಟ ಅನ್ನುತ್ತಿತ್ತು, ಕೈ ಇನ್ನೂ ನಡುಗುತ್ತದೆ. ಪಕ್ಕದಲ್ಲಿದ್ದ ಮುದುಕರು ಏನೂ ಮಾತಾಡದೆ ತಮ್ಮ ತೊಡೆ ಮೇಲಿದ್ದ ಒಂದು ರಟ್ಟನ್ನು ನನ್ನ ಹಾಳೆಯ ಕೆಳಗೆ ತೂರಿಸಿದರು. ಅಕ್ಷರ ನಿಂತವು. ನಾಲ್ಕು ಸಾಲು ಓದಿದೆ. ಏನು ಓದಿದೆ ಅಂತ ಈಗ ನೆನಪಿಲ್ಲ. ಆ ರಟ್ಟಿನ ಅಂಚೆಲ್ಲ ಸವೆದಿತ್ತು, ಅದು ಚೆನ್ನಾಗಿ ನೆನಪಿದೆ. ಎಷ್ಟು ಕೈ ನೋಡಿದೆಯೋ.

ಬುಟ್ಟಿ ಬಂದಾಗ ಹಣ ಹಾಕೋಕೆ ಹೋದೆ, ಹೊಸಬರು ಹಾಕಬೇಕಾಗಿಲ್ಲ ಅಂದರು. ಬಂದವರು ಹಾಕಿದ್ದರಲ್ಲೇ ಬಾಡಿಗೆ ಕಟ್ಟುತ್ತಾರಂತೆ, ಹೊರಗಿನವರ ದುಡ್ಡು ಮುಟ್ಟುವುದಿಲ್ಲವಂತೆ.

ರಾತ್ರಿಪಾಳಿ · ಶನಿವಾರ, ಬೆಳಗ್ಗೆ 7:10

ಈಗಷ್ಟೇ ಡ್ಯೂಟಿ ಮುಗಿಸಿ ಓದಿದೆ. ಮಾತ್ರೆ ಪೂರ್ತಿ ಮುಗಿಸಿ, ಮಧ್ಯದಲ್ಲಿ ಬಿಡಬೇಡಿ. ಮುಂದೆ ಆಸೆ ತಡೆಯೋಕೂ ಔಷಧಿ ಇದೆ, ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಅಂತ. ನಿಮ್ಮ ಲಿವರ್, ಕಿಡ್ನಿ ನೋಡಿ ಯಾವುದು ಅಂತ ಡಾಕ್ಟರ್ ಹೇಳುತ್ತಾರೆ. ಮೀಟಿಂಗ್‌ನಲ್ಲಿ ಯಾರಾದರೂ "ಮಾತ್ರೆ ತಗೊಂಡ್ರೆ ಅದು ಬಿಟ್ಟ ಹಾಗಲ್ಲ" ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ. ಸದಸ್ಯರು ಡಾಕ್ಟರ್ ಕೆಲಸ ಮಾಡಬಾರದು ಅಂತ ಎಎಯೇ ತನ್ನ ಪುಸ್ತಿಕೆಯಲ್ಲಿ ಹೇಳಿದೆ.

ನಾಸ್ತಿಕ_ನಾಣಿ · ಶನಿವಾರ, ಬೆಳಗ್ಗೆ 8:25

ದೇವರು ಸಿಕ್ಕನಾ?

ಕೊನೇ_ಬೆಂಚು · ಶನಿವಾರ, ಬೆಳಗ್ಗೆ 8:31

ರಟ್ಟು ಸಿಕ್ಕಿತು.

ಕೊನೇ_ಬೆಂಚು · ಆರು ವಾರದ ನಂತರ, ಶನಿವಾರ, ರಾತ್ರಿ 10:15

ಕೆಲವರು ಮೆಸೇಜ್ ಮಾಡಿ ಕೇಳಿದರು, ಅದಕ್ಕೆ ಬರೆಯುತ್ತಿದ್ದೇನೆ.

ಒಂಬತ್ತನೇ ದಿನ ಕುಡಿದೆ. ಏನೂ ಆಗಿರಲಿಲ್ಲ, ಒಳ್ಳೇ ದಿನವೇ. ಅದೇ ಮೋಸ. ಹಸಿವು, ಸಿಟ್ಟು, ಒಂಟಿತನ, ಸುಸ್ತು, ಈ ನಾಲ್ಕರ ಮೇಲೆ ಕಣ್ಣಿಡು ಅಂತ ಹೇಳಿಕೊಟ್ಟಿದ್ದರು. ಖುಷಿಯ ವಿಷಯ ಯಾರೂ ಹೇಳಿರಲಿಲ್ಲ. ಮಾರನೇ ದಿನ ಛತ್ರಿಯವರಿಗೆ ಫೋನ್ ಮಾಡಿ ಹೇಳಿದೆ. "ಸಂಜೆ ಬರ್ತೀಯಲ್ಲ?" ಅಂದರು, ಅಷ್ಟೇ. ಡಾಕ್ಟರ್‌ಗೂ ಹೇಳಿದೆ. ಈಗ ಮತ್ತೆ 31 ದಿನ.

ಬೇರೆ ಗುಂಪುಗಳಿಗೂ ಹೋಗಿ ನೋಡಿದೆ. ಒಂದು ಹಿಡಿಸಲಿಲ್ಲ, ಒಬ್ಬರೇ ನಲವತ್ತು ನಿಮಿಷ ಮಾತಾಡಿದರು. ಸ್ಮಾರ್ಟ್ ಆನ್‌ಲೈನ್‌ಗೂ ಒಮ್ಮೆ ಹೋದೆ, ಆ ನಾಲ್ಕು ಚೌಕ ತುಂಬಿಸಿದೆ. ನಾಣಿ, ನನ್ನ ಪೆನ್ನು ಬೇರೆ ಚೌಕದಲ್ಲಿ ನಿಂತಿತು, ಯಾವುದು ಅಂತ ಹೇಳಲ್ಲ. ಗುರುವಾರದ್ದು ತಪ್ಪಿಸುವುದಿಲ್ಲ.

ಇನ್ನೊಂದು. ಭಾನುವಾರದ ಆ ಬೀಗದ ಮನೆ ಪಟ್ಟಿಯಲ್ಲಿ ಇನ್ನೂ ಹಾಗೇ ಇದೆ, ಸಂಜೆ 6 ಅಂತ. ತೆಗೆಸೋಕೆ ಎರಡು ಸಲ ಫೋನ್ ಮಾಡಿದೆ, ಆಗುತ್ತೆ ಅಂದರು, ಆಗಿಲ್ಲ. ಅಲ್ಲಿಯವರೆಗೂ ಭಾನುವಾರ ಸಂಜೆ ನಾನೇ ಹೋಗಿ ಅರ್ಧ ಗಂಟೆ ನಿಂತು ಬರುತ್ತಿದ್ದೇನೆ. ಮೂರು ವಾರವಾಯಿತು. ಕಾವಲುಗಾರ ಈಗ ಏನೂ ಕೇಳುವುದಿಲ್ಲ, ಕುರ್ಚಿ ಕೊಡುತ್ತಾನೆ. ಇಲ್ಲಿಯವರೆಗೆ ಯಾರೂ ಬಂದಿಲ್ಲ. ನಾಳೆ ಬೆಳಗ್ಗೆ ಇನ್ನೊಂದು ಸಲ ಫೋನ್ ಮಾಡಿ ನೋಡುತ್ತೇನೆ.

ಹಳೇ_ಗಡಿಯಾರ · ಶನಿವಾರ, ರಾತ್ರಿ 10:40

ನಾಳೆ ಆಫೀಸ್ ಇರಲ್ಲ. ಸೋಮವಾರ ಹತ್ತರ ಮೇಲೆ ಮಾಡಿ.